ಕಡಲ ಕಡೆಯ ಬಾಗಿಲು

ಗಾಳಿಯೇ ಇಲ್ಲದ ಕೋಣೆಯಲ್ಲೂ ಮೇಷ್ಟ್ರು ಎದುರುಗಾಳಿಗೆ ಮೈಯೊಡ್ಡಿದವರಂತೆ ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದರು. ಎಂಥ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು. ಅದರ ಬಲಜೇಬನ್ನು ಜೋತುಬೀಳಿಸಿದ್ದ ಕಬ್ಬಿಣದ ಬೀಗದ ಕೈ. ಚರಿತ್ರೆಯ ಪಾಠ ಹೇಳುವ ಕೆಲಸದಿಂದ ನಿವೃತ್ತರಾಗಿ ಬಂದರಿನ ವಸ್ತುಸಂಗ್ರಹಾಲಯದ ಉಸ್ತುವಾರಿ ವಹಿಸಿಕೊಂಡ ಮೇಲೆ, ಆ ಬೀಗದ ಕೈ ಅವರ ಅವಯವಗಳಲ್ಲಿ ಒಂದಾಗಿಹೋಗಿತ್ತು.

ಹಿಂದೆ ಸುಂಕದ ಉಗ್ರಾಣವಾಗಿದ್ದ ಆ ಕಟ್ಟಡಕ್ಕೆ ಎರಡು ಬಾಗಿಲು. ಬೀದಿಯ ಕಡೆಯದು ಈಚಿನದು. ಕಡಲ ಕಡೆಯದು ಮೂಲದ್ದು. ನೋಡಬಂದವರೆಲ್ಲ ಕಡಲ ಕಡೆಯಿಂದಲೇ ಒಳಬರಬೇಕೆಂಬುದು ಮೇಷ್ಟ್ರ ಕಟ್ಟಳೆ. ಈ ನಾಡಿಗೆ ಲಿಪಿ, ಗಾಜು, ದೇವರು, ಬೈಗುಳ ಎಲ್ಲವೂ ಅಲೆಯೇರಿ ಬಂದವು, ಬೀದಿಯಿಂದ ನುಗ್ಗಿದವನಿಗೆ ನಾಡಿನ ಬೆನ್ನಷ್ಟೇ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಊರಿನವರು ‘ಹಿಂಬಾಗಿಲ ಮೇಷ್ಟ್ರು’ ಎಂದು ಚುಡಾಯಿಸಿದರೆ, "ಹಿಂಬಾಗಿಲಲ್ಲಪ್ಪಾ, ಅದೇ ಹೆಬ್ಬಾಗಿಲು!" ಎಂದು ಕೆರಳುತ್ತಿದ್ದರು. ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಬಾಗಿಲಿನ ಎದುರಿಗೇ, ಗೋಡೆಯ ತುಂಬ ಹರಡಿತ್ತು ಒಂದು ಹಾಯಿ. ನಾಡಿನ ಹಳೆಯ ಹಡಗುಗಳದ್ದೆಂದು ಉಳಿದಿದ್ದದ್ದು ಅದೊಂದೇ. ಅದರ ಮುಂದೆ ಮಾತ್ರ ಮೇಷ್ಟ್ರ ವಾಗ್ಝರಿ ನಿಲ್ಲುತ್ತಿತ್ತು. ಹಳೆಯ ಬಟ್ಟೆಗಳನ್ನು ಜೋಪಾನ ಮಾಡುವುದು ಅಲ್ಲಿ ಅವರ ತಂಗಿಯ ಕೆಲಸ. ಒಂದು ಬೆಳಿಗ್ಗೆ ಆಕೆ ಹಾಯಿಯ ಅಂಚು ಮುಟ್ಟಿದಳು. ನೂಲು ಹಿಟ್ಟಿನಂತೆ ಉದುರಿತು.

"ಅಣ್ಣಾ, ಕೈ ಚಾಚು," ಎಂದು ಆ ಪುಡಿಯನ್ನು ಅವರ ಅಂಗೈಗೆ ಸುರಿದಳು. "ಉಪ್ಪುಗಾಳಿ ತಿಂದುಹಾಕ್ತಿದೆ. ಬಾಗಿಲು ತೆರೆದೇ ಇರ್ಬೇಕೋ, ಹಾಯಿ ಉಳೀಬೇಕೋ, ನೀನೇ ಹೇಳು."

ಮೇಷ್ಟ್ರು ಅಂಗೈ ನೋಡಿಕೊಂಡರು. ಕಾಪಾಡುತ್ತಿದ್ದೇನೆಂದುಕೊಂಡದ್ದನ್ನು ತಾವೇ ಕೊಲ್ಲುತ್ತಿದ್ದರು. ಪುಡಿಯನ್ನು ಕೊಡವಲೂ ಮನಸ್ಸಾಗದೆ ಕೋಟಿನ ಎಡಜೇಬಿಗೆ ಹಾಕಿಕೊಂಡು, ಬಾಗಿಲಿಗೆ ತಾವೇ ಬೀಗ ಜಡಿದು, ಬೀಗದ ಕೈಯನ್ನು ತಂಗಿಗೆ ಕೊಟ್ಟುಬಿಟ್ಟರು.

ಅಂತೂ ಮೇಷ್ಟ್ರು ಸೋತರೆಂದು ಊರು ನಕ್ಕಿತು. ಮರುದಿನ ಬಂದ ಪ್ರವಾಸಿಗರನ್ನು ಅವರು ಬೀದಿಯಲ್ಲೇ ತಡೆದು, ಸುಡುಬಿಸಿಲಲ್ಲಿ ಕಟ್ಟಡವನ್ನು ಬಳಸಿಕೊಂಡು ಕರೆದೊಯ್ದು, ಮುಚ್ಚಿದ ಬಾಗಿಲೆದುರು ಕಡಲಿಗೆ ಬೆನ್ನುಮಾಡಿ ನಿಲ್ಲಿಸಿದರು.

"ನೀವೀಗ ಹಡಗಿಂದ ಇಳಿದಿದ್ದೀರಿ. ಒಳಗಿರೋರು ನಿಮ್ಮನ್ನ ಕಂಡೇ ಇಲ್ಲ. ಸೇರಿಸ್ಕೊಳ್ತಾರೋ ಇಲ್ವೋ, ಸ್ವಲ್ಪ ಕಾಯಿರಿ."

ಬಾಗಿಲು ತೆರೆದಿದ್ದ ಕಾಲದಲ್ಲಿ ಜನ ಹರಟುತ್ತಲೇ ಒಳನುಗ್ಗುತ್ತಿದ್ದರು. ಈಗ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ಅವರನ್ನು ಬಂದ ದಾರಿಯಲ್ಲೇ ಮರಳಿಸಿ, ಬೀದಿಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು.

ಇಂಥವರು ಪ್ರತಿ ಬಂದರಿನಲ್ಲೂ ಒಬ್ಬರಾದರೂ ಇರುತ್ತಾರೆ. ಪ್ರೀತಿಸಿದ್ದು ಉಳಿಯಬೇಕೆಂದರೆ ಹಿಡಿದ ಹಠವನ್ನು ಬಿಟ್ಟಾರು. ಗಾಳಿ ನಿಂತ ಮೇಲೂ ಬಾಗಿ ನಡೆಯುವುದನ್ನು ಬಿಡಲಾರರು.