ಒಂಟಿಗುಂಡಿಗೆ ಮೆಟ್ಟಿಲು

ನಮ್ಮ ದಿಬ್ಬೂರಹಳ್ಳಿ ಕಡೆ ಕಲ್ಲಿಗೇನು ಬರವಿಲ್ಲ. ಆದರೂ ಕ್ವಾರಿ ವೆಂಕಟರವಣಪ್ಪನ ಕಣ್ಣು ಬಿದ್ದದ್ದು ನನ್ನ ಹಿಪ್ಪುನೇರಳೆ ತೋಟದ ಪಕ್ಕದ ಒಂಟಿಗುಂಡು ಎಂಬ ಬಂಡೆಯ ಮೇಲೇ. ಅಲ್ಲಿ ಮದ್ದು ಸಿಡಿಸಿದರೆ ದೂಳೆಲ್ಲ ನನ್ನ ಸೊಪ್ಪಿಗೆ. ಆ ಸೊಪ್ಪು ತಿಂದ ರೇಷ್ಮೆಹುಳು ಗೂಡು ಕಟ್ಟುವುದಿಲ್ಲ, ಸಾಯುತ್ತದೆ. ಗೂಡಿಲ್ಲದಿದ್ದರೆ ನಮ್ಮ ಒಲೆ ಉರಿಯುವುದಿಲ್ಲ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ವರ್ಷ ಅದು. ಬಂಡೆ ಹತ್ತುವವರ ಸಂಘದ ವೇಣುಗೋಪಾಲ್ ದೇವರ ಹಾಗೆ ಬಂದ. ಗುಂಡನ್ನು ಸುತ್ತಿ ಸುತ್ತಿ ನೋಡಿದ.

"ಅಮ್ಮಾ, ಇದು ಬೆಟ್ಟಕ್ಕೆ ಅಂಟ್ಕೊಂಡಿಲ್ಲ, ಒಂಟಿಯಾಗಿ ನಿಂತಿದೆ. ಯಾವ ಕಡೆಯಿಂದ್ಲೂ ನಡ್ಕೊಂಡು ಹೋಗೋಕಾಗಲ್ಲ, ಕೈ ಊರಿಯೇ ಹತ್ತಬೇಕು. ಇಂಥದ್ದನ್ನೇ ನಾವು ಶಿಖರ ಅನ್ನೋದು. ಭಾನುವಾರ ನಮ್ಮ ಅಧ್ಯಕ್ಷರು ನೋಡಿ ಒಪ್ಪಿದ್ರೆ, ಕ್ವಾರಿ ಬೇಡ ಅಂತ ಡಿ.ಸಿ. ಹತ್ರ ನಾವೇ ಹೋಗ್ತೀವಿ."

ಮೂರಾಳೆತ್ತರದ ಗುಂಡು ಶಿಖರವಂತೆ! ನಂದಿಬೆಟ್ಟಕ್ಕೆ ತುದಿಯವರೆಗೂ ಟಾರು ರಸ್ತೆಯಿದೆ, ಪಾಪ, ಅದು ಲೆಕ್ಕಕ್ಕಿಲ್ಲ. ಇರಲಿ, ನನ್ನ ಹುಳು ಉಳಿದರೆ ಸಾಕು.

ನಾನು ನೆಮ್ಮದಿಯಾಗಿ ಗೌರಿಬಿದನೂರಿಗೆ, ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೋದೆ. ಊರಿನ ಮಾನ ಕಾಯಲು ಮೈದುನ ಆವಲಪ್ಪ ಇದ್ದನಲ್ಲ, ಪಂಚಾಯ್ತಿ ಮೆಂಬರು. ಭಾನುವಾರ ಬಸ್ಸಿಳಿದು ಬಂದು ನೋಡುತ್ತೇನೆ, ಗುಂಡಿನ ಮೈಯಲ್ಲೇ ಬುಡದಿಂದ ತುದಿಯವರೆಗೆ ಮೆಟ್ಟಿಲು ಕಡಿಸಿದ್ದಾನೆ! ಮೇಲೆ ಸುಣ್ಣ, ಕೆಮ್ಮಣ್ಣು, ಮಾವಿನ ತೋರಣ ಬೇರೆ.

"ಏನೋ ಇದು, ನಿನ್ ಮನೆ ಹಾಳಾಗ!"

"ದೊಡ್ಡೋರು ಬರ್ತಾವ್ರೆ ಅತ್ಗೆ. ಅವ್ರು ಕೈ ಊರ್ಕೊಂಡು ತೆವಳೋದನ್ನ ನೋಡ್ಕೊಂಡು ಕೂರಕ್ಕಾಯ್ತದಾ? ಊರ ಮರ್ಯಾದೆ ಏನಾಗ್ಬೇಕು?"

ಅಧ್ಯಕ್ಷರು ಬಂದರು. ಹಾರ ಹಾಕಿಸಿಕೊಂಡು, ಬೂಟು ಬಿಚ್ಚದೆ ಸಲೀಸಾಗಿ ಮೇಲೆ ಹೋದರು. ಅಲ್ಲೇ ಎಳನೀರು ಕುಡಿದರು. ಇಳಿದು ಬಂದು, "ನೋಟ ಚೆನ್ನಾಗಿದೆಯಮ್ಮಾ. ಆದ್ರೆ ಮೆಟ್ಟಿಲಿರೋದು ಶಿಖರ ಅಲ್ಲ" ಎಂದರು. ಕಡಿದ ಕಲ್ಲನ್ನು ಮತ್ತೆ ಅಂಟಿಸಲಾಗುತ್ತದೆಯೇ? ನಾನು ಎಲ್ಲರೆದುರೇ ಅತ್ತುಬಿಟ್ಟೆ.

ವಾರ ಕಳೆಯುವುದರೊಳಗೆ ವೆಂಕಟರವಣಪ್ಪ ಕುಳಿ ಕೊರೆಯುವ ಮಿಷನ್ನು ಹೊರಿಸಿಕೊಂಡು ಬಂದ.

"ಅಕ್ಕಾ, ಇದನ್ನ ಮೇಲಕ್ಕೆತ್ತೋದೇ ತಲೆನೋವಾಗಿತ್ತು. ಮೆಟ್ಲು ಕಡಿಸಿ ಪುಣ್ಯ ಕಟ್ಕೊಂಡ್ರಿ."

ಆವಲಪ್ಪ ಅವನಿಗೂ ಎಳನೀರು ಕೊಚ್ಚಿ ಕೊಟ್ಟ. ಎಷ್ಟಾದರೂ ಊರಿಗೆ ಬಂದವನಲ್ಲವೇ.

ಮೊದಲ ಮದ್ದು ಸಿಡಿದಾಗ ಸುಣ್ಣ ಬಳಿದ ಒಂದು ಮೆಟ್ಟಿಲು ಹಾರಿಬಂದು ನನ್ನ ಹಿಪ್ಪುನೇರಳೆ ಸಾಲಿನ ನಡುವೆ ಬಿತ್ತು. ಸುತ್ತಲಿನ ಸೊಪ್ಪೆಲ್ಲ ಅದರಷ್ಟೇ ಬೆಳ್ಳಗಾಗಿತ್ತು.