ಚಂದ್ರಮತಿ ಅಕ್ಕನ ಕತ್ತಿ

ವಾಪಸು ಬಂದ ಕತ್ತಿಗೆ ನಾನು ಎಣ್ಣೆ ಹಚ್ಚುತ್ತಿದ್ದೆ. ಹಳೆ ಪಂಚೆಯ ತುಂಡನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಕತ್ತಿಯ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಬೇಕು. ಅಪ್ಪಯ್ಯ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಕುಲುಮೆಯಲ್ಲಿ ಬೆಂಕಿ ಇರಲಿಲ್ಲ.

ಅದು ಚಂದ್ರಮತಿ ಅಕ್ಕನ ಕತ್ತಿ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವ ಹೆಂಗಸರಲ್ಲಿ ಅವರೇ ಹಿರಿಯರು. ಆ ದಿನ ಬೆಳಿಗ್ಗೆ ಬಸ್ರೂರಿಗೆ ಬಸ್ಸಿನಲ್ಲಿ ಬಂದು, ನಮ್ಮ ಕಮ್ಮಾರಸಾಲೆಯ ನೆಲದ ಮೇಲೆ ಅದನ್ನು ಇಟ್ಟಿದ್ದರು. ಹಾಗೆ ವಾಪಸು ತಂದದ್ದು ಅದು ಎರಡನೇ ಸಲ.

“ಬೇಜಾರ್ ಮಾಡ್ಕಣ್ಬೇಡಿ ಆಚಾರ್ರೆ. ಇಲ್ಲ್ ಹಿಡ್ದ್ರೆ ಕೈಯಂಗೆ ಮಗು ಹಾಂಗ್ ಕೂಕಂತ್ತ್. ಮಾರ್ಕೆಟಿಗ್ ಹೋರೆ ಸೊಸಿ ಹಾಂಗ್ ತಿರ್ಗಿ ಬೀಳತ್ತ್” ಎಂದಿದ್ದರು. ಅಪ್ಪಯ್ಯ ಅವರ ಕೈಗೆ ಕತ್ತಿ ಹಿಡಿಸಿ ನೋಡಿದರು. ಹಿಡಿ ಸರಿಯಾಗಿಯೇ ಕೂತಿತ್ತು.

ಅಪ್ಪಯ್ಯ ಕತ್ತಿ ಮಾಡುವುದು ಕೈ ನೋಡಿ. ಗದ್ದೆಯ ಜೇಡಿಮಣ್ಣನ್ನು ಹದ ಮಾಡಿ ಒಂದು ಉಂಡೆ ಕೊಡುತ್ತಾರೆ. ಬಂದವರು ಅದನ್ನು ಮುಷ್ಟಿಯಲ್ಲಿ ಹಿಂಡಬೇಕು. ಬೆರಳು ಕೂತ ಗುರುತು ನೋಡಿಕೊಂಡು ಹಲಸಿನ ಮರದ ಹಿಡಿ ಕೆತ್ತುತ್ತಾರೆ. ಅಲಗನ್ನು ಒಂದೇ ಮೈಗೆ ಸಾಣೆ ಹಿಡಿದು, ಇನ್ನೊಂದು ಮೈಯನ್ನು ಚಪ್ಪಟೆ ಬಿಡುತ್ತಾರೆ. ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹೊಳೆಯುವ ಕತ್ತಿಗಿಂತ ನಮ್ಮದು ಅಗ್ಗ. ವರ್ಷಗಟ್ಟಲೆ ಬಾಳುತ್ತದೆ. ಮೊಂಡಾದರೆ ತಂದುಕೊಡಿ, ಪುಕ್ಕಟೆ ಸಾಣೆ. ಆದರೂ ಅಪ್ಪಯ್ಯನ ಹೆಸರು ಗೊತ್ತಿದ್ದದ್ದು ತೆಂಗಿನಕಾಯಿ ಕೀಳುವವರಿಗೆ ಮತ್ತು ಹುಲ್ಲು ಕೊಯ್ಯುವವರಿಗೆ ಮಾತ್ರ. ಹುಲ್ಲಿಗೆ ಮೆಷಿನ್ ಬಂದ ಮೇಲೆ ಅವರೂ ಕಡಿಮೆಯಾದರು.

ಮೀನು ಕೊಯ್ಯುವ ಹೆಂಗಸರೆಲ್ಲ, ಚಂದ್ರಮತಿ ಅಕ್ಕ ಕತ್ತಿ ಲಾಯ್ಕ್ ಇತ್ತ್, ಚೆನ್ನಾಗಿದೆ ಅಂದರೆ ನಮಗೂ ಮಾಡಿಕೊಡಿ ಎಂದಿದ್ದರು. ಆ ಒಂದು ಮಾತಿಗೆ ನಾವು ಕಾಯುತ್ತಿದ್ದೆವು. ಕೋಟದಲ್ಲಿ ಗ್ರಿಲ್ ಕೆಲಸದ ಅಂಗಡಿ ಇಟ್ಟ ಕುಷ್ಟಣ್ಣ, ಸೋಮವಾರದಿಂದ ಕೆಲಸಕ್ಕೆ ಬರುವುದಾದರೆ ಬನ್ನಿ ಎಂದು ಅಪ್ಪಯ್ಯನಿಗೆ ಹೇಳಿ ಕಳಿಸಿದ್ದರು.

ನಾನು ಎಣ್ಣೆ ಬಟ್ಟೆ ಕೆಳಗಿಟ್ಟಾಗ ಅಪ್ಪಯ್ಯ ಹೇಳಿದರು. “ಆಯ್ತ್ ಹೆಣೆ. ಕತ್ತಿ ಕೆಲ್ಸ ಸಾಕ್. ಕುಷ್ಟನಲ್ಲಿಗೇ ಹೋತೆ.”

ಮಗಳು ನಾನು ಏನು ಮಾಡಬೇಕು ಎಂದು ಅವರು ಹೇಳಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರೆ ನನಗೆ ಸ್ವರವೇ ಬರುತ್ತಿರಲಿಲ್ಲ. ಶಾಲೆ ಬಿಟ್ಟು ಕುಲುಮೆಯ ಬದಿಗೆ ಬಂದೆ. ಬೆಂಕಿಯ ಹತ್ತಿರ ಮಾತು ಬೇಕಾಗುವುದಿಲ್ಲ. ಅಪ್ಪಯ್ಯನ ಭುಜ ನೋಯತೊಡಗಿದ ಮೇಲೆ ಸಾಣೆಯ ಕೆಲಸವೆಲ್ಲ ನನ್ನದೇ. ಆ ಬೆಂಕಿ ಆರಿದರೆ ನಾನು ಎಲ್ಲಿ ನಿಲ್ಲುವುದು?

ಮರುದಿನ ಅಪ್ಪಯ್ಯ ಕೋಟಕ್ಕೆ ಅಂಗಡಿ ನೋಡಿ ಬರಲು ಹೋದರು. ಚಂದ್ರಮತಿ ಅಕ್ಕ ಮೀನು ಕೊಯ್ಯುವುದನ್ನು ನೋಡಲು ನಾನು ಕುಂದಾಪುರದ ಬಸ್ಸು ಹತ್ತಿದೆ.

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅಪ್ಪಯ್ಯ ಮೀನು ಮಾರ್ಕೆಟ್ಟಿಗೆ ಕಾಲಿಟ್ಟವರಲ್ಲ. ಅವರು ಮೀನಿನ ಕತ್ತಿ ಮಾಡಿದ್ದು ಮೀನು ಕೊಯ್ಯುವುದನ್ನು ನೋಡದೆ. ನಾನೂ ನೋಡಿರಲಿಲ್ಲ. ಐಸ್ ಪೆಟ್ಟಿಗೆಗಳ ಹಿಂದೆ ಮೂಗು ಮುಚ್ಚಿಕೊಂಡು ನಿಂತೆ.

“ಹ್ವಾಯ್, ಎಂತ ಮೀನ್ ಬೇಕ್ ಹೆಣೆ? ಬರೀ ಕಂಡ್ರೆ ಹೊಟ್ಟಿ ತುಂಬತ್ತಾ?” ಎಂದು ಕೂಗಿದವರು ವನಜಕ್ಕ. ಚಂದ್ರಮತಿ ಅಕ್ಕನ ಪಕ್ಕದಲ್ಲೇ ಕೂರುವವರು.

“ಅದ್ ಆಚಾರ್ರ ಮಗ್ಳ್ ಮಾರಾಯ್ತಿ. ಅವ್ರ್ ಮೀನ್ ತಿಂತಿಲ್ಲ” ಎಂದರು ಚಂದ್ರಮತಿ ಅಕ್ಕ. ಹೇಳುತ್ತಲೇ ಬಂಗಡೆಯ ತಲೆ ಕೊಯ್ದರು. ಹೊಟ್ಟೆ ಸೀಳಿದರು. ಮೀನನ್ನು ಬಲಗೈ ಒತ್ತಿ ಹಿಡಿದಿತ್ತು. ಕತ್ತಿ ಎಡಗೈಯಲ್ಲಿತ್ತು.

ನಾನು ಇನ್ನೊಂದು ಮೀನು ನೋಡಿದೆ. ಮತ್ತೊಂದು ನೋಡಿದೆ. ಎಡಗೈಯೇ.

ಎಲ್ಲ ತಿಳಿಯಿತು. ಕುಲುಮೆಯ ಮುಂದೆ ಯಾರೂ ಎಡಗೈ ಚಾಚುವುದಿಲ್ಲ. ಕೈ ಕೊಡಿ ಎಂದರೆ ಬಲಗೈ ಕೊಡುತ್ತಾರೆ. ಹೊಸ ಕತ್ತಿಯನ್ನು ನೆಲದಿಂದ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದೂ ಬಲಗೈಯಲ್ಲೇ. ಚಂದ್ರಮತಿ ಅಕ್ಕ ಮಣ್ಣು ಹಿಂಡಿದ್ದೂ, ಕತ್ತಿ ಹಿಡಿದು ತೋರಿಸಿದ್ದೂ ಬಲಗೈಯಿಂದ. ಬಲಗೈಗೆಂದು ಒಂದೇ ಮೈಗೆ ಸಾಣೆ ಹಿಡಿದ ನಮ್ಮ ಅಲಗು ಎಡಗೈಯಲ್ಲಿ ಸೊಟ್ಟ ಹೋಗುತ್ತದೆ. ಅಂಗಡಿ ಕತ್ತಿಗೆ ಎರಡು ಮೈಗೂ ಸಾಣೆ ಇರುತ್ತದೆ, ಯಾವ ಕೈಯಾದರೂ ನಡೆಯುತ್ತದೆ. ಹಾಗಾಗಿ ಕೈಯ ಮಾತು ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಮಣ್ಣು ತಂದಿರಲಿಲ್ಲ. ಎದುರಿನ ಹೋಟೆಲಿಗೆ ಹೋಗಿ, ಪರೋಟಕ್ಕೆ ನಾದಿಟ್ಟ ಮೈದಾ ಹಿಟ್ಟನ್ನು ಬೆರಳಿನಿಂದ ತೋರಿಸಿದೆ. ಎಷ್ಟು ಪರೋಟ ಎಂದು ಹೋಟೆಲಿನಾತ ಕೇಳಿದ. ತಲೆ ಅಲ್ಲಾಡಿಸಿ ಮತ್ತೆ ಹಿಟ್ಟನ್ನೇ ತೋರಿಸಿದೆ. ಆತ ನಗುತ್ತಾ ಒಂದು ಉಂಡೆ ಕೊಟ್ಟ. ತಂದು ಚಂದ್ರಮತಿ ಅಕ್ಕನ ಎಡಗೈಯ ಮುಂದೆ ಹಿಡಿದೆ.

“ಎಡಗೈಯಾ? ಕತ್ತಿ ಅಳ್ತಿಗೆ ಎಡಗೈ ಕೊಡೂಕಾತ್ತಾ ಹೆಣೆ? ನಿನ್ನ್ ಅಪ್ಪಯ್ಯ ಬೈತ್ರ್ ಕಾಣ್.”

“ಮೀನ್ ಕೊಯ್ಯುದ್ ಯಾವ್ ಕೈಯಂಗೆ?”

ನನ್ನ ಬಾಯಿಂದ ಅಷ್ಟು ಬಂದದ್ದು ನನಗೇ ಆಶ್ಚರ್ಯ. ಚಂದ್ರಮತಿ ಅಕ್ಕ ತಮ್ಮ ಎರಡೂ ಕೈ ನೋಡಿಕೊಂಡರು. ಆಮೇಲೆ ಎಡಗೈಯನ್ನು ಸೀರೆಗೆ ಒರೆಸಿ, ಹಿಟ್ಟನ್ನು ಗಟ್ಟಿಯಾಗಿ ಹಿಂಡಿದರು.

ಮನೆಗೆ ಬಂದು ಒಬ್ಬಳೇ ಬೆಂಕಿ ಹಾಕಿದೆ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಕಾಯಿಸಿ ಬಡಿದೆ. ತೋಳು ಬಿದ್ದುಹೋಗುವಂತಾಯಿತು. ಬಲ ಮೈ ಚಪ್ಪಟೆ ಬಿಟ್ಟು ಎಡ ಮೈಗೆ ಸಾಣೆ ಹಿಡಿದೆ. ಕೈ ತಾನಾಗಿ ಹಳೆಯ ಕಡೆಗೇ ಹೋಗುತ್ತಿತ್ತು, ತಡೆದು ತಡೆದು ಹಿಡಿದೆ. ಅಲಗಿಗೆ ಗಡಸು ಬರಲು ನೀರು ಕುಡಿಸುವುದು ಬಾಕಿ ಇರುವಾಗ ಅಪ್ಪಯ್ಯ ಬಂದರು. ಚೀಲ ಇಳಿಸಿದವರೇ ಅಲಗನ್ನು ಎತ್ತಿ ನೋಡಿದರು.

“ಇದೆಂತ ಮಾಡಿದ್ದೆ? ಮೈಯೇ ಅಡಿಮೇಲ್ ಆಯ್ತಲೆ!”

ನಾನು ಹಿಟ್ಟಿನ ಉಂಡೆಯನ್ನು ಅವರ ಮುಂದಿಟ್ಟೆ. ಅವರು ಬಲಗೈ ಇಟ್ಟರು, ಬೆರಳು ಕೂರಲಿಲ್ಲ. ಎಡಗೈ ಇಟ್ಟರು. ಕೂತಿತು.

“ಚಂದ್ರಮತಿ ಎಡಚಿಯಾ?”

ಹೌದೆಂದು ತಲೆಯಾಡಿಸಿದೆ. ಅಪ್ಪಯ್ಯನಿಗೆ ನಗು ಬಂತು. ಭುಜ ನೋಯುವಷ್ಟು ನಕ್ಕರು. “ಇಷ್ಟ್ ವರ್ಷ ಎಲ್ರ ಬಲಗೈಯೇ ಕೇಂಡೆ. ಇದೊಂದ್ ಹೊಳೀಲಿಲ್ಲ ಕಾಣ್!” ಎಂದವರು ಇಕ್ಕಳವನ್ನು ನನ್ನ ಕಡೆಗೆ ನೂಕಿದರು. “ನೀರ್ ನೀನೇ ಕುಡ್ಸ್.”

ಆವರೆಗೆ ಆ ಕೆಲಸ ಅವರು ನನಗೆ ಬಿಟ್ಟಿರಲಿಲ್ಲ. ಅಲಗು ಕೆಂಪಾದಾಗ ನೀರಿಗೆ ಅದ್ದಿದೆ. ಮತ್ತೆ ಸಣ್ಣ ಬೆಂಕಿಯಲ್ಲಿ ಹಿಡಿದು, ಗೇರುಹಣ್ಣಿನ ಹಳದಿ ಬಣ್ಣ ಬಂದ ಕೂಡಲೇ ತೆಗೆದೆ. ಎಲ್ಲೂ ಬಿರುಕು ಬಿಡಲಿಲ್ಲ. ಹಿಟ್ಟಿನ ಗುರುತು ನೋಡಿಕೊಂಡು ಹಲಸಿನ ಹಿಡಿ ಕೆತ್ತಿ ಕೂರಿಸಿದೆ.

ಸೋಮವಾರ ಬೆಳಿಗ್ಗೆ ಅಪ್ಪಯ್ಯ ಕೋಟದ ಬಸ್ಸು ಹತ್ತಲಿಲ್ಲ. ಹೆಗಲ ಮೇಲಿನ ಬೈರಾಸು ಮೂಗಿಗೆ ಕಟ್ಟಿಕೊಂಡು ನನ್ನ ಜೊತೆ ಮೀನು ಮಾರ್ಕೆಟ್ಟಿಗೆ ಬಂದರು. “ಇದೂ ಆಗ್ದಿರೆ ಅಲ್ಲಿಂದ್ಲೇ ಕುಷ್ಟನಲ್ಲಿಗ್ ಹೋಪುದ್” ಎಂದು ದಾರಿಯಲ್ಲಿ ಹೇಳಿದ್ದರು.

“ಹ್ವಾಯ್ ಆಚಾರ್ರೆ, ಎರಡ್ ಅಂಜಲ್ ಕಟ್ಟಿ ಕೊಡ್ಕಾ?” ಎಂದು ವನಜಕ್ಕ ಕೀಟಲೆ ಮಾಡಿದರು. ಎಲ್ಲ ನಕ್ಕರು. ಅಪ್ಪಯ್ಯ ಚಂದ್ರಮತಿ ಅಕ್ಕನಿಗೆ ಮಗಳೇ ಮಾಡಿದ್ದೆಂದು ಮೆಲ್ಲ ಹೇಳಿ, ಕತ್ತಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದರು.

ಚಂದ್ರಮತಿ ಅಕ್ಕ ಅದನ್ನು ಬಲಗೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು, ಎಡಗೈಗೆ ಬದಲಿಸಿದರು. ಹೋಟೆಲಿನವರ ದೊಡ್ಡ ಅಂಜಲ್ ಮೀನು ಕಲ್ಲಿನ ಮೇಲೆ ಇತ್ತು. ಮೊದಲ ತುಂಡು ಕೊಯ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯದು ಕೊಯ್ದರು. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಕತ್ತಿ ನಡುಮುಳ್ಳಿಗೆ ತಾಗಿದ ಸದ್ದು ಕೇಳುವುದರೊಳಗೆ ದಾಟಿ ಹೋಗುತ್ತಿತ್ತು. ಕೊಯ್ದ ತುಂಡುಗಳು ಸಾಲಾಗಿ ನಿಂತೇ ಇದ್ದವು, ಮೀನು ಇನ್ನೂ ಇಡಿಯಾಗಿದೆ ಎನ್ನುವ ಹಾಗೆ. ಕೊನೆಗೆ ತಲೆಯನ್ನು ಒಂದೇ ಏಟಿಗೆ ಸೀಳಿ, ಕತ್ತಿಯನ್ನು ಮೇಲೆತ್ತಿದರು.

“ಇಗಾ ಕಾಣಿ! ಇದ್ ಕತ್ತಿ!”

“ಕೊಡ್ ಕಾಂಬ” ಎಂದು ವನಜಕ್ಕ ಕೈ ಚಾಚಿದರು. ಚಂದ್ರಮತಿ ಅಕ್ಕ ಕತ್ತಿಯನ್ನು ಕಲ್ಲಿನ ಮೇಲಿಟ್ಟರು. ವನಜಕ್ಕ ಬಲಗೈಯಲ್ಲಿ ಹಿಡಿದು ಒಂದು ಮೀನು ಕೊಯ್ದರೆ ತುಂಡು ಸೊಟ್ಟ.

“ಎಂತ ಮರ್ರೆ ಇದ್, ಓಡಿ ಹೋತ್ತಲೆ!”

“ಹೋಗ್ದೆ? ಅದ್ ನಿನ್ನ್ ಕೈಗಲ್ಲ ವನಜ. ನನ್ನ್ ಕೈಗೆ ಮಾಡದ್ದ್!” ಚಂದ್ರಮತಿ ಅಕ್ಕ ಕತ್ತಿಯನ್ನು ಕಿತ್ತುಕೊಂಡರು. “ಮಾಡದ್ದ್ ಯಾರ್ ಗೊತ್ತಿತ್ತಾ? ಆಚಾರ್ರಲ್ಲ. ಈ ಹೆಣ್ಣ್!”

ಎಲ್ಲರೂ ನನ್ನನ್ನು ನೋಡಿದರು. ಓಡಿಹೋಗಬೇಕೆನಿಸಿತು. ಆದರೆ ಹೋಗಲು ದಾರಿ ಇರಲಿಲ್ಲ, ಸುತ್ತ ಹೆಂಗಸರು ನಿಂತಿದ್ದರು. ಅಂಗಡಿ ಕತ್ತಿಗಳನ್ನು ಕಲ್ಲಿನ ಮೇಲೆ ಬಿಟ್ಟು ಬಂದಿದ್ದರು.

ಅಪ್ಪಯ್ಯನ ಫೋನು ಬಡಿಯಿತು. ಬೈರಾಸು ಮೂಗಿನಿಂದ ಯಾವಾಗಲೋ ಜಾರಿತ್ತು, ಅಂಗಿಯ ತುಂಬ ಮೀನಿನ ಹುರುಪೆ. “ಕುಷ್ಟ, ನಾ ಬತ್ತಿಲ್ಲೆ. ಪುರ್ಸೊತ್ತಿಲ್ಲ ಮಾರಾಯಾ, ಕೆಲ್ಸ ರಾಶಿ ಬಿತ್ತ್!” ಎಂದು ಮಾರ್ಕೆಟ್ಟಿಗೆಲ್ಲ ಕೇಳುವಂತೆ ಕೂಗಿದರು.

ಈ ಸಲ ಜೇಡಿಮಣ್ಣು ತಂದಿದ್ದೆ. ಬಕೆಟ್ಟಿನ ಮುಚ್ಚಳ ತೆಗೆದದ್ದೇ ತಡ, ಕೈಗಳು ಬಂದವು. ಬಲಗೈ, ಎಡಗೈ, ಬೆರಳಿಗೆ ಬಟ್ಟೆ ಸುತ್ತಿದ ಕೈ. ವನಜಕ್ಕ ಮೊದಲು ತನ್ನದು ಎಂದು ಜಗಳ ತೆಗೆದರು. ಒಬ್ಬರು ಎರಡೂ ಕೈಯಲ್ಲಿ ಹಿಂಡಿ, ಯಾವುದು ಚಂದ ಬಂತು ಎಂದು ಅಪ್ಪಯ್ಯನನ್ನು ಕೇಳುತ್ತಿದ್ದರು. ಗಾಳಿಗೆ ಮಣ್ಣು ಗಟ್ಟಿಯಾಗತೊಡಗಿತು. ನಾನು ಬಕೆಟ್ಟನ್ನು ತಬ್ಬಿಕೊಂಡು, ಹುಟ್ಟಿದ ಮೇಲೆ ಕೂಗದಷ್ಟು ಗಟ್ಟಿಯಾಗಿ ಕೂಗಿದೆ.

“ಯಾರಾರೂ ಒಂದ್ ಚೊಂಬ್ ನೀರ್ ಕೊಡಿ!”