ಗುಂಡಿಗೆ ಯಾವ ಹಸಿರು

ಆ ಮಾರ್ಚ್ ತಿಂಗಳಲ್ಲಿ ಹಾಲಿಫ್ಯಾಕ್ಸ್ ನಗರದ ಮುಂದೆ, ಒಂದರ್ಥದಲ್ಲಿ ಇಡೀ ಮನುಕುಲದ ಮುಂದೆ, ಇದ್ದ ಪ್ರಶ್ನೆ ಇದು: ‘ಔಷಧ ತೆಗೆದುಕೊಂಡೆ’ ಎಂಬ ಗುಂಡಿಗೆ ಯಾವ ಹಸಿರು ಬಳಿಯಬೇಕು? ಎಲೆಹಸಿರು ಬಳಿದರೆ ಗಾಂಜಾ ಎಂಬುದು ಎದ್ದು ಕಾಣುತ್ತದೆ; ಚರ್ಚಿಗೆ ಹೋಗುವ ಹೆಂಗಸರು ಫೋನನ್ನು ಕೈಚೀಲದಿಂದ ಹೊರಗೇ ತೆಗೆಯಲಾರರು. ಆಸ್ಪತ್ರೆಯ ಪರದೆಯ ಹಸಿರಾದರೆ ಕಾಯಿಲೆ ನೆನಪಾಗುತ್ತದೆ. ಪಾಚಿಹಸಿರಿಗೆ ಸಭೆಯಲ್ಲಿ ಒಬ್ಬರ ಬೆಂಬಲವಿತ್ತು. ಅವರು ಮಾಲೀಕರಾದ್ದರಿಂದ ಯಾರೂ ನಗಲಿಲ್ಲ.

ನಾವು ಮಾಡುತ್ತಿದ್ದುದು ಒಂದು ಆ್ಯಪ್. ನೋವಿಗೆಂದು ಗಾಂಜಾ ಎಣ್ಣೆ ಬರೆಸಿಕೊಂಡವರು ಎಷ್ಟು ಕುಡಿದರು, ಕುಡಿದ ಮೇಲೆ ಹೇಗಾಯಿತು ಎಂಬುದನ್ನು ಅದರಲ್ಲಿ ಒತ್ತಬೇಕು. ಅತ್ತ ಕ್ಲಿನಿಕ್ಕಿನಲ್ಲಿ ನರ್ಸ್ ಇಸೊಬೆಲ್ ಅದನ್ನು ನೋಡಿ ಪ್ರಮಾಣ ಏರಿಸಬೇಕು, ಇಳಿಸಬೇಕು. ಪರದೆಗಳನ್ನು ರೂಪಿಸುವವನು ವೆಂಡೆಲ್. ರೋಗಿಗಳಿಗೆ ಫೋನು ಮಾಡಿ ‘ಎಲ್ಲಿ ತಡವರಿಸಿದಿರಿ’ ಎಂದು ಕೇಳುವವಳು ನಾನು. ಫೋನ್ ನಂಬರೊಂದನ್ನು ಬಿಟ್ಟು ಅವರ ಹೆಸರಾಗಲಿ ವಿಳಾಸವಾಗಲಿ ನಮಗೆ ತಿಳಿಯಕೂಡದೆಂಬುದು ನಿಯಮ. ನಮ್ಮ ಪಾಲಿಗೆ ಅವರು ಒಂದನೆಯವರು, ಎರಡನೆಯವರು, ಮೂರನೆಯವರು.

ಪ್ರಯೋಗಕ್ಕೆಂದು ಅವರ ಫೋನುಗಳಿಗೆ ಮಾದರಿ ಪರದೆ ಕಳಿಸಿದ್ದೆವು. ಶುಕ್ರವಾರ ಊಟದ ನಂತರ, ಹಸಿರಿನ ವಿಚಾರ ಕೇಳಲು ಮೂರನೆಯವರಿಗೆ ಫೋನು ಮಾಡಿದೆ. ಮೀನಿನ ಕಾರ್ಖಾನೆಯಲ್ಲಿ ಹ್ಯಾಡಕ್ ಸೀಳಿ ಸೀಳಿ ಬೆರಳು ಸೊಟ್ಟಗಾದ, ಮಾತು ಮಾತ್ರ ನೆಟ್ಟಗುಳಿದ ಮುದುಕಿ.

“ಬಣ್ಣ ಚೆನ್ನಾಗಿದೆ ಕಣೇ ಮರಿ. ಗುಂಡೀನೂ ದೊಡ್ಡದು, ನನ್ನ ಬೆರಳಿಗೂ ಸಿಗುತ್ತೆ. ಆದ್ರೆ ನಿಮ್ಮ ನರ್ಸಮ್ಮಂಗೆ ಈ ಸಲ ಧಾರಾಳ ಬುದ್ಧಿ ಬಂದಿದೆ. ಚಳಿಗಾಲದಲ್ಲಿ ನಾನೇ ಎರಡು ಹನಿ ಜಾಸ್ತಿ ಹಾಕ್ಕೊಂಡಿದ್ದಕ್ಕೆ ಏನು ಬೈದ್ಲು! ಹೇಳಿದಷ್ಟೇ ಕುಡೀಬೇಕಂತೆ. ಇವತ್ತು ನೋಡಿದ್ರೆ ಅವಳೇ ಸೀಸೆ ಬಗ್ಗಿಸು ಅಂತಾಳೆ.”

“ಏನಂದ್ರಿ?”

“ನಾಲ್ಕು ಮಿಲಿ ಅಂತ ಇದೆಯಲ್ಲ. ಸಿರಿಂಜು ಒಂದು ಮಿಲೀದು. ನಾಲ್ಕು ಸಲ ತುಂಬಿ ಕುಡಿದೆ. ಗಂಟಲೆಲ್ಲ ಜಿಡ್ಡು.”

ನಾನು ವೆಂಡೆಲ್‌ನ ಪರದೆಯತ್ತ ತಿರುಗಿದೆ. ನಡುವೆ ದುಂಡನೆಯ ಬಿಲ್ಲೆ, ಬಿಲ್ಲೆಯೊಳಗೆ 4 ಮಿಲಿ, ಅದರಡಿ ‘ನರ್ಸ್ ಇಸೊಬೆಲ್ ಸೂಚಿಸಿದ್ದು’. ಇಸೊಬೆಲ್ ಮಾದರಿಗೆಂದು ಕೊಟ್ಟದ್ದು 0.4. ಬಿಲ್ಲೆಯಲ್ಲಿ ಅದು ಇಕ್ಕಟ್ಟಾಗುತ್ತಿತ್ತು. ಚುಕ್ಕಿಯಂತೂ ಗಾಜಿನ ಮೇಲೆ ಕೂತ ಕೊಳೆಯ ಹಾಗೆ ಕಾಣುತ್ತದೆಂದು ಗೊಣಗಿ, ವೆಂಡೆಲ್ ಸೊನ್ನೆಯನ್ನೂ ಚುಕ್ಕಿಯನ್ನೂ ತೆಗೆದುಹಾಕಿದ್ದ. ನಮ್ಮ ಕಸುಬಿನಲ್ಲಿ ಮಾದರಿ ಪರದೆಯ ಅಂಕಿಗೆ ಅರ್ಥವಿರುವುದಿಲ್ಲ, ಅಂದವಿದ್ದರೆ ಸಾಕು.

“ಯಾವಾಗ ಕುಡಿದ್ರಿ?”

“ಊಟದ ಜೊತೆ. ಈಗೊಂದು ಗಂಟೆ ಆಯ್ತೇನೋ. ಏನೂ ಆಗಿಲ್ಲ ಬಿಡು.”

ಹೆದರಬೇಕಾದದ್ದು ಆ ಕೊನೆಯ ಮಾತಿಗೇ. ಸೇದಿದ ಹೊಗೆ ಪ್ರಾಮಾಣಿಕ, ಬಂದ ಕೂಡಲೇ ಬಾಗಿಲು ತಟ್ಟುತ್ತದೆ. ಕುಡಿದ ಎಣ್ಣೆ ಹಿತ್ತಿಲಿಂದ ಬರುವಂಥದು. ಗಂಟೆ ಕಳೆದ ಮೇಲೆ ಏರತೊಡಗಿ ಏರುತ್ತಲೇ ಹೋಗುತ್ತದೆ.

“ಮನೇಲಿ ಯಾರಿದಾರೆ?”

“ಬೆಕ್ಕು.”

“ಒಲೆ ಮೇಲೆ ಏನಾದ್ರೂ ಇದೆಯಾ?”

“ಸಂಜೆಗೆ ಹಾಲು ಹಾಕಿದ ಮೀನಿನ ಸೂಪು. ಯಾಕೆ ಮರಿ, ಇಷ್ಟು ನಿಧಾನ ಮಾತಾಡ್ತಿದೀಯಾ?”

ನಾನು ನಿಧಾನವಾಗಿ ಮಾತಾಡುತ್ತಿರಲಿಲ್ಲ.

“ನಿಮ್ಮನೆ ಎಲ್ಲಿ, ಹೇಳಿ.”

“ಮನೆನಾ? ಇಲ್ಲೇ ಇತ್ತು. ಈಗ ಸ್ವಲ್ಪ ದೂರ ಹೋಗ್ತಾ ಇದೆ.”

ಫೋನು ಕೆಳಗೆ ಬಿದ್ದ ಸದ್ದು. ಆಮೇಲೆ ಉಸಿರು. ಕರೆ ಕಡಿದಿರಲಿಲ್ಲ.

ವೆಂಡೆಲ್‌ನ ಫೋನಿನಿಂದ ಇಸೊಬೆಲ್‌ಗೆ ಹೇಳಿದೆವು. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು.

“ಒಡೆಟ್ ಸುರೆಟ್. ಈಸ್ಟರ್ನ್ ಪ್ಯಾಸೇಜ್, ದೋಣಿಕಟ್ಟೆ ಹತ್ರ ಹಳದಿ ಮನೆ. ಅವಳ ಎದೆಬಡಿತ ಮೊದ್ಲೇ ತಾಳ ತಪ್ಪಿದ್ದು. ಆಂಬುಲೆನ್ಸಿಗೆ ನಾನು ಹೇಳ್ತೀನಿ, ನೀವೂ ಹೊರಡಿ. ಮುಂಚೆ ತಲುಪಿದ್ರೆ ಒಲೆ ಆರಿಸಿ.” ಬಳಿಕ ಕೇಳಿದಳು, “ಆ ಅಂಕಿ ಕೆಳಗೆ ನನ್ನ ಹೆಸರು ಯಾಕೆ ಹಾಕಿದ್ರಿ?”

“ನಿಜ ಅನ್ನಿಸಲಿ ಅಂತ,” ಎಂದ ವೆಂಡೆಲ್.

“ಅನ್ನಿಸ್ತು,” ಎಂದಳು ಇಸೊಬೆಲ್.

ಸೇತುವೆಯ ಮೇಲೆ ಮಂಜು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ನನ್ನ ಫೋನು ತೊಡೆಯ ಮೇಲೆ ಉಸಿರಾಡುತ್ತಿತ್ತು. ಮಿಕ್ಕ ರೋಗಿಗಳಿಗೆ ವೆಂಡೆಲ್‌ನ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿದೆ. ಯಾರೂ ಕುಡಿದಿರಲಿಲ್ಲ, ಫೋನು ಹೇಳಿದ್ದನ್ನೆಲ್ಲ ನಂಬುವ ಜನವಲ್ಲ ಅದು. ನಂಬಿದ್ದವರು, ಒಮ್ಮೆ ಬೈಸಿಕೊಂಡು ಬುದ್ಧಿ ಕಲಿತ ಒಡೆಟ್ ಒಬ್ಬರೇ.

“ಅದು ಸುಮ್ನೆ ಜಾಗ ತುಂಬೋ ಅಂಕಿ, ರೋನಾ,” ಎಂದ ವೆಂಡೆಲ್. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಹೇಳಿದ. ಮೂರನೆಯ ಸಲ ಹೇಳುವಷ್ಟರಲ್ಲಿ ತೊಡೆಯ ಮೇಲಿನ ಉಸಿರು ನಿಂತಿತು. ಕರೆ ಕಡಿಯಿತೋ ಉಸಿರೇ ನಿಂತಿತೋ ನೋಡಲು ನನಗೆ ಧೈರ್ಯ ಬರಲಿಲ್ಲ. ವೆಂಡೆಲ್ ಕಾರಿನ ವೇಗ ಹೆಚ್ಚಿಸಿದ.

ಹಳದಿ ಮನೆಯ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಸೀದ ಹಾಲಿನ ವಾಸನೆ, ಹೊಗೆ. ಒಡೆಟ್ ಅಡುಗೆಮನೆಯ ನೆಲದ ಮೇಲೆ ಕೂತು ಮೇಜಿನ ಕಾಲನ್ನು ಎರಡೂ ಕೈಯಿಂದ ತಬ್ಬಿದ್ದರು. ಕಣ್ಣು ತೆರೆದಿತ್ತು, ಮುಖವೆಲ್ಲ ಬೆವರು. ಒಲೆ ಆರಿಸಿ ಪಕ್ಕದಲ್ಲಿ ಕೂತೆ.

“ಬಿಡಬೇಡ ಅಂತ ಹೇಳೇ.”

“ಯಾರಿಗೆ?”

“ನೆಲಕ್ಕೆ. ನನ್ನ ಬಿಟ್ಟುಬಿಡೋ ಹಾಗಿದೆ.”

ಮಣಿಕಟ್ಟು ಹಿಡಿದೆ. ನಾಡಿ ಕತ್ತಲಲ್ಲಿ ಮೆಟ್ಟಿಲಿಳಿಯುವವರಂತೆ ದಡದಡ ಓಡುತ್ತಿತ್ತು, ಒಂದು ಮೆಟ್ಟಿಲು ಸಿಗದೆ ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು. ಅದು ತಡೆದಾಗಲೆಲ್ಲ ನಾನೂ ಉಸಿರು ಹಿಡಿದೆ.

“ನಾನು ಸತ್ತಿದೀನಾ?”

“ಇಲ್ಲ.”

“ನೀನ್ಯಾರು?”

“ಫೋನು ಮಾಡಿದವಳು. ಹಸಿರು ಕೇಳಿದವಳು.”

“ಹೇಳಿದಷ್ಟೇ ಕುಡಿದೆ ಕಣೇ. ಈ ಸಲ ನನ್ನ ತಪ್ಪಿಲ್ಲ ಅಂತ ಆ ನರ್ಸಿಗೆ ಹೇಳು.”

“ತಪ್ಪು ನಂದು,” ಎಂದ ವೆಂಡೆಲ್ ಬಾಗಿಲಲ್ಲೇ ನಿಂತು.

“ಇವನ್ಯಾರು?”

“ಅಂಕಿ ಹಾಕಿದವನು.”

“ನೋಡೋಕೆ ಒಳ್ಳೆಯವನ ಹಾಗೇ ಇದಾನೆ,” ಎನ್ನುತ್ತ ಒಡೆಟ್ ಕಣ್ಣು ಮುಚ್ಚಿದರು. ಬೆರಳಡಿಯ ನಾಡಿ ತಡೆಯಿತು. ಈ ಬಾರಿ ಅದು ಬೇಗ ಹಿಂದಿರುಗಲಿಲ್ಲ. ಹೊರಗೆ ಆಂಬುಲೆನ್ಸಿನ ಕೂಗು ಮಂಜಿನಲ್ಲಿ ಮನೆ ಹುಡುಕುತ್ತ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ವೆಂಡೆಲ್ ಪಾತ್ರೆ ಒರೆಸುವ ಬಟ್ಟೆ ಬೀಸುತ್ತ ರಸ್ತೆಗೆ ಓಡಿದ. ನಾನು ಆ ಸೊಟ್ಟ ಬೆರಳುಗಳನ್ನು ಹಿಡಿದು, ಬಿಡಬೇಡ ಎಂದು ನೆಲಕ್ಕೆ ಹೇಳಿದೆ.

ನಾಡಿ ಮತ್ತೆ ಓಡಿತು.

ಒಡೆಟ್ ಸುರೆಟ್ ಮುಂದಿನ ವಾರ ಆಸ್ಪತ್ರೆಯಿಂದ ಮನೆಗೆ ಬಂದರು. ನಮ್ಮ ಮಾದರಿ ಪರದೆಗಳಲ್ಲಿ ಈಗ ಪ್ರಮಾಣದ ಜಾಗದಲ್ಲಿ ಅಡ್ಡಗೆರೆ ಇರುತ್ತದೆ. ಗುಂಡಿಯ ಬಣ್ಣ ಬೂದು.